ಮೂರನೆಯ ಕಂಬ

ಗಾಳಿ ಬಂದಾಗ ತೂರಿಕೋ ಅನ್ನುವ ಮಾತು
ಗಾಳಿ ಹೋಗಿಬರುವ ಊರಿನದು.
ಪಟಗೋನಿಯಾದ ಈ ಬೋಳು ಬಯಲಲ್ಲಿ
ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ,
ಬೀಗರ ಮನೆಯ ಹಿರಿಯನ ಹಾಗೆ
ಎಲ್ಲ ಮಾತಿಗೂ ಮೊದಲು ಬಾಯಿ ಹಾಕುತ್ತದೆ.

ಕುರಿದೊಡ್ಡಿಗೊಂದು ದೀಪ ಬೇಕಿತ್ತು ಎಲಿನೆಡ್‌ಗೆ.
ಸೆಪ್ಟೆಂಬರಿನ ರಾತ್ರಿ, ಕುರಿ ಈಯುವ ಹೊತ್ತು,
ಒಂದು ಕೈಯಲ್ಲಿ ಟಾರ್ಚು, ಒಂದು ಕೈ ಕುರಿಯ ಒಳಗೆ,
ನರಿಗೆ ಕಲ್ಲು ಬೀರಲು ಮೂರನೆಯದಿಲ್ಲ.

ಮೊದಲ ಕಂಬ ಎರಡಿಂಚಿನ ನೀರಿನ ಪೈಪು,
ಎರಡು ತುಂಡು, ನಡುವೆ ತಿರುಪು ಹಾಕಿದ ಸಾಕೆಟ್ಟು.
ಮುರಿದದ್ದು ಸರಿಯಾಗಿ ತಿರುಪಿನಲ್ಲೇ.
ಕೂಡಿಸಲೆಂದು ಕೊರೆದ ಜಾಗ
ಎಲ್ಲಕ್ಕಿಂತ ತೆಳು ಎಂದು
ಕೊರೆದ ನನಗೇ ಹೊಳೆದಿರಲಿಲ್ಲ.

ಎರಡನೆಯದು ಚೌಕ ಕೊಳವೆ.
ಅಂಗಡಿಯಲ್ಲಿ ಚೆಂದ, ಬೆಸೆಯಲು ಸಲೀಸು,
ನೆಟ್ಟಾಗ ಎದೆ ಸೆಟೆಸಿ ಗಾಳಿಗೆ ಮುಖ ಕೊಟ್ಟಿತು.
ನವೆಂಬರಿನ ಹೊತ್ತಿಗೆ
ನೀರಿಗೆ ಬಗ್ಗಿದ ಕುದುರೆಯ ಹಾಗೆ
ದೀಪ ನೆಲ ಮೂಸುತ್ತಿತ್ತು.

ಮೂರನೆಯದಕ್ಕೆ ಕೊಮೊದೊರೊಗೆ ಹೋದೆವು,
ಎವರಿಸ್ತೊನ ಗುಜರಿಗೆ.
ಎಣ್ಣೆಬಾವಿಯಿಂದ ಎಳೆದು ಬಿಸುಟ ಕೊಳವೆ
ಬಣವೆ ಬಣವೆಯಾಗಿ ಬಿದ್ದಿತ್ತು.
ನಾನು ಬೆಸುಗೆಯವನು, ಬಾಯಿ ಸುಮ್ಮನಿರದು:
'ಗುಂಡಗಿದ್ದರೆ ಗಾಳಿ ಸವರಿಕೊಂಡು ಸಾಗುತ್ತದೆ.
ಅಗಲ ಹೆಚ್ಚಿದಷ್ಟೂ ಬಿಗಿ,
ಆದರೆ ಗೋಡೆ ಕಾಗದವಾದರೆ
ಕುರಿ ಮೈ ಉಜ್ಜಿದರೂ ನೆಗ್ಗು.'
ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.
ವ್ಯಾನಿನಿಂದ ಸ್ಪ್ಯಾನರು ತಂದು
ಒಂದೊಂದನ್ನೇ ತಟ್ಟುತ್ತ ಹೋದಳು.
ಒಂದು ಖಾಲಿ ಡಬ್ಬಿಯ ಹಾಗೆ ಬಡಬಡಿಸಿತು.
ಒಂದಕ್ಕೆ ಒಳಗೇ ತುಕ್ಕು, ನೆಗಡಿಯ ದನಿ.
ಮೂರಿಂಚಿಗೆ ಎಳ್ಳಷ್ಟು ಕಮ್ಮಿಯ ಒಂದು ಮಾತ್ರ
ತಟ್ಟಿದ ಮೇಲೂ ಬಹಳ ಹೊತ್ತು
ಹೇಳುವುದನ್ನು ಹೇಳುತ್ತಲೇ ಇತ್ತು.
ಸಂತೆಯಲ್ಲಿ ಟಗರಿನ ಬೆನ್ನು ಒತ್ತಿ ನೋಡುವಂತೆ
ಉದ್ದಕ್ಕೂ ಒತ್ತಿದಳು,
ಕೊನೆಯಲ್ಲಿ ಕಣ್ಣಿಟ್ಟು ಆಚೆಯ ಆಕಾಶ ನೋಡಿದಳು.
ನೆಟ್ಟಗಿತ್ತು.

'ಇಪ್ಪತ್ತು ವರ್ಷ ಪಾತಾಳದ ಕತ್ತಲಲ್ಲಿದ್ದದ್ದು, ತಾಯಿ,
ಇನ್ನು ಮೇಲೆ ಬೆಳಕು ಹೊರಲಿದೆ' ಎಂದ ಎವರಿಸ್ತೊ.
ನನಗೂ ಅದೇ ಹೇಳಬೇಕೆನಿಸಿತ್ತು, ನಾಲಗೆ ಕಚ್ಚಿಕೊಂಡೆ.
'ಕಬ್ಬಿಣಕ್ಕಷ್ಟೇ ದುಡ್ಡು,
ಕವಿತೆಗೆ ಬೇರೆ ಕೊಡುವುದಿಲ್ಲ' ಎಂದಳು ಎಲಿನೆಡ್.
ಒಂದು ಮುದಿ ಕುರಿಯ ಬೆಲೆಗೆ ಇಳಿಸಿದಳು.

ಒಳಗಿನ ಎಣ್ಣೆಮೇಣ ಕೆರೆಯಲು ಎರಡು ದಿನ.
ಬಿಸಿ ಮಾಡಿ, ಬೆಸೆದು, ಅವಸರವಿಲ್ಲದೆ ಆರಗೊಟ್ಟು,
ಬುಡಕ್ಕೆ ಕೀಲು, ಬಲ್ಬು ಸುಟ್ಟರೆ ಮಲಗಿಸಲು.
ಕೆಳಗೊಂದು ತೂತು, ಒಳಗಿಳಿದ ನೀರು ಹೊರಬೀಳಲು.
ಮೇಲೊಂದು ತೂತು, ತಂತಿಗೆ.
ಅದನ್ನು ಮುಚ್ಚಲು ಮರೆತೆ.

ಮೊದಲ ರಾತ್ರಿ ಕಂಬ ಊಳಿಟ್ಟಿತು,
ನಾಯಿ ಎದ್ದು ಅದಕ್ಕೆ ಉತ್ತರ ಕೊಟ್ಟಿತು.
ಏಣಿ ಹುಡುಕಿದೆ. 'ಇರಲಿ ಬಿಡು' ಎಂದಳು,
'ಹಾಸಿಗೆಯಲ್ಲೇ ತಿಳಿಯುತ್ತದೆ
ಯಾವಾಗ ಎರಡು ಕೋಟು ಹಾಕಬೇಕೆಂದು.'

ದೀಪ ಹೊತ್ತಿತು. ದೊಡ್ಡಿಯ ತುಂಬ ಹಳದಿ,
ಕುರಿಗಳ ಕಣ್ಣೆಲ್ಲ ಚಿಲ್ಲರೆ ಕಾಸು.
ಈಯುವ ಕುರಿ ಮಾತ್ರ
ಬೆಳಕನ್ನೊಮ್ಮೆ ದಿಟ್ಟಿಸಿ, ಬೇಲಿಯ ಸಂದಿನಲ್ಲಿ ನುಗ್ಗಿ
ಅದು ತಲುಪದ ಮುಳ್ಳುಪೊದೆಯ ಮರೆಗೆ ಹೋಯಿತು.

ಎಲಿನೆಡ್ ಬೈದದ್ದು ವೆಲ್ಶ್‌ನಲ್ಲಿ, ನನಗೆ ಬಾರದ ನುಡಿ,
ಅರ್ಥವಾಯಿತು.
ಟಾರ್ಚು ಹಿಡಿದು ಹೊರಟಳು, ಹಿಂದಿನಂತೆಯೇ.

ತಾಸು ಕಳೆದಿರಬೇಕು. ಧೂಳೆದ್ದಿತ್ತು.
ಟಾರ್ಚು ಯಾವಾಗ ಆರಿತೋ,
ಕೋಟಿನೊಳಗೆ ಏನೋ ಒದೆಯುತ್ತಿತ್ತು,
ಹಿಂದೆ ಕುರಿ ಗೊಣಗುತ್ತ ಬರುತ್ತಿತ್ತು.
ಅವಳು ನೆಲ ನೋಡುತ್ತಿರಲಿಲ್ಲ.
ಕಂಬದ ಕಡೆಗೆ, ನೇರ ಕಂಬದ ಕಡೆಗೆ
ನಡೆದು ಬರುತ್ತಿದ್ದಳು.